ಮಗಳು ಕವಚ ಕಟ್ಟುತ್ತಿದ್ದಾಳೆ, ಜೊತೆಗಾರರು ಯಾರು?

ಮಕ್ಕಳಿಗೆ ವೇಷಭೂಷಣ, ರಂಗಪರಿಕರ ಕಲಿಸುವ ನನ್ನಂಥವರ ಹತ್ತಿರ ಬರುವ ಅಪ್ಪ ಅಮ್ಮಂದಿರ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲೆಲ್ಲ ‘ಇದರಿಂದ ಓದು ಹಾಳಾಗುವುದಿಲ್ಲವೇ’ ಎನ್ನುತ್ತಿದ್ದರು. ಈಗ ಕೇಳುವುದು ಬೇರೆ: ‘ಹದಿನೈದರ ಮಗಳು ಹೊತ್ತಲ್ಲದ ಹೊತ್ತಿನಲ್ಲಿ ಯಾರ ಜೊತೆಗೋ ಫೋಮು, ಗೋಂದು, ಕತ್ತಿಯ ಹಿಡಿ ಅಂತ ಮಾತಾಡುತ್ತಿರುತ್ತಾಳೆ. ಅವರಲ್ಲಿ ಅರ್ಧ ಜನಕ್ಕೆ ಹೆಸರೇ ಇಲ್ಲ, ಬರೀ ಅಡ್ಡಹೆಸರು. ಕೆಲವರಿಗೆ ಇಪ್ಪತ್ತೈದು ದಾಟಿದೆಯಂತೆ. ಯಾರಿವರು?’

ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕಾಗಿ ಮಗಳ ಫೋನು ಕಸಿದುಕೊಳ್ಳುವ ಮೊದಲು ಅವಳ ಕೆಲಸದ ಮೇಜಿನ ಪಕ್ಕ ಒಂದು ಸಂಜೆ ಕೂತು ನೋಡಿ. ಅವಳದು ಕಾಸ್‌ಪ್ಲೇ, ಅಂದರೆ ಅನಿಮೆ (ಜಪಾನಿ ಅನಿಮೇಷನ್), ಕಾಮಿಕ್ಸ್, ಸಿನಿಮಾಗಳ ಪಾತ್ರದ ವೇಷ ಕಟ್ಟಿ ತೊಡುವ ಹವ್ಯಾಸ. ಅದನ್ನು ಮಾಡುವವರ ನಡುವೆ ಗೆಳೆತನ ಹುಟ್ಟುವುದು ಕೆಲಸದ ಸುತ್ತ. ಆ ಕೆಲಸ ಏನು, ಅದಕ್ಕೆ ಏನೇನು ಬೇಕು ಎಂದು ಗೊತ್ತಿದ್ದರೆ ಯಾರ ಮಾತು ಸಹಜ, ಯಾರ ಮಾತು ಕೆಲಸ ಬಿಟ್ಟು ಬೇರೆಲ್ಲೋ ಹೊರಟಿದೆ ಎನ್ನುವುದು ತಾನಾಗಿ ಕಾಣುತ್ತದೆ.

ಒಂದು ಎದೆಗವಚ ತೆಗೆದುಕೊಳ್ಳೋಣ. ಅನಿಮೆಯಲ್ಲಿ ಅದು ಉಕ್ಕು. ಮನೆಯಲ್ಲಿ ಅದು ಇವಿಎ ಫೋಮ್, ಅಂದರೆ ಯೋಗದ ಚಾಪೆಗೂ ಮಕ್ಕಳ ಆಟದ ನೆಲಹಾಸಿಗೂ ಬಳಸುವ ಅದೇ ವಸ್ತು. ಎರಡು ಮಿಲಿಮೀಟರಿನಿಂದ ಹತ್ತು ಮಿಲಿಮೀಟರಿನವರೆಗೆ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಮೊದಲು ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಟೇಪು ಅಂಟಿಸಿ, ಅದರ ಮೇಲೆ ಗೆರೆ ಎಳೆದು ಕತ್ತರಿಸಿ ಪ್ಯಾಟರ್ನ್ ತೆಗೆಯಬೇಕು. ಅದನ್ನು ಫೋಮಿನ ಮೇಲಿಟ್ಟು ಹರಿತವಾದ ಕಟ್ಟರಿನಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು. ಅಲಗು ಮೊಂಡಾದರೆ ಅಂಚು ಹರಿದ ಬ್ರೆಡ್ಡಿನಂತಾಗುತ್ತದೆ. ಹೀಟ್ ಗನ್ನಿನ ಬಿಸಿಗಾಳಿ ಹಾಯಿಸಿದರೆ ಫೋಮು ಮೆತ್ತಗಾಗಿ ಬಾಗುತ್ತದೆ, ಮೇಲ್ಮೈಯ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಎರಡು ತುಂಡು ಕೂಡಿಸಲು ರಬ್ಬರ್ ಗೋಂದನ್ನು ಎರಡೂ ಕಡೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಹೊಸಬರಿಗೆ ಆ ತಾಳ್ಮೆ ಇರುವುದಿಲ್ಲ. ಹಸಿಯಿದ್ದಾಗಲೇ ಒತ್ತುತ್ತಾರೆ, ಮರುದಿನ ಹೆಗಲು ಬಿಟ್ಟುಕೊಂಡು ಬರುತ್ತದೆ. ಮೇಲೆ ಪ್ರೈಮರು, ಆಮೇಲೆ ಬಣ್ಣ. ಕಪ್ಪು ತಳದ ಮೇಲೆ ಬೆಳ್ಳಿಬಣ್ಣವನ್ನು ಒಣ ಕುಂಚದಿಂದ ಸವರಿದಾಗ ಉಕ್ಕು ಎದ್ದು ಬರುತ್ತದೆ.

ಇಷ್ಟನ್ನು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಇದರಲ್ಲಿ ಒಂದೊಂದು ಹಂತವೂ ಒಬ್ಬ ಅಪರಿಚಿತನನ್ನು ಮಾತಾಡಿಸಲು ನೆಪ. ‘ಈ ಅಂಚು ಹೇಗೆ ಮಾಡಿದೆ?’ ಎನ್ನುವ ಪ್ರಶ್ನೆಯಿಂದ ಶುರುವಾಗದ ಸ್ನೇಹ ಈ ಹವ್ಯಾಸದಲ್ಲಿ ಕಡಿಮೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಗಂಟೆಗಟ್ಟಲೆ ಮಾತಾಡುವುದನ್ನು ನೋಡಿದ್ದೇನೆ. ತಮ್ಮ ಬಗ್ಗೆ ಹೇಳಿಕೊಳ್ಳಬೇಕಾದ ಸಂಕೋಚವಿಲ್ಲ, ಕೈಯಲ್ಲಿರುವ ವಸ್ತುವಿನ ಬಗ್ಗೆ ಹೇಳಿದರೆ ಸಾಕು. ಈ ಹವ್ಯಾಸಿಗಳು ಸೇರುವ ಸಮಾವೇಶಗಳಲ್ಲಿ, ಬೆಂಗಳೂರಿನ ಕಾಮಿಕ್ ಕಾನ್‌ನಂಥ ಕಡೆ, ಒಂದು ಮೂಲೆಯಲ್ಲಿ ನಿಂತು ಗಮನಿಸಿ. ಯಾರದ್ದೋ ಭುಜದ ಪಟ್ಟಿ ಕಿತ್ತರೆ, ಹೆಸರೂ ಗೊತ್ತಿಲ್ಲದ ಇನ್ಯಾರೋ ತಮ್ಮ ಚೀಲದಿಂದ ಸೇಫ್ಟಿ ಪಿನ್ನು, ಗ್ಲೂ ಸ್ಟಿಕ್ಕು ತೆಗೆದು ಮಂಡಿಯೂರಿ ಕೂತಿರುತ್ತಾರೆ. ಅಂಥ ರಿಪೇರಿಯಿಂದ ಶುರುವಾದ ಪರಿಚಯ ಆಮೇಲೆ ವರ್ಷಗಟ್ಟಲೆ ನಡೆಯುವುದುಂಟು.

ಇದು ನಿನ್ನೆ ಮೊನ್ನೆಯ ಹುಚ್ಚೇನಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಭವಿಷ್ಯಲೋಕದ ಉಡುಪು ತೊಟ್ಟು ಹೋದರು. ಅದನ್ನು ರೂಪಿಸಿದವರು ಅವರ ಗೆಳತಿ ಮರ್ಟಲ್ ಡಗ್ಲಸ್. ಎಂಬತ್ತರ ದಶಕದಲ್ಲಿ ಜಪಾನಿನಲ್ಲಿ ಇಂಥ ವೇಷದ ಹವ್ಯಾಸಕ್ಕೆ ಕಾಸ್‌ಪ್ಲೇ ಎಂಬ ಹೆಸರು ಬಂತು. ಭಾರತದಲ್ಲಿ ಮೊದಲ ಕಾಮಿಕ್ ಕಾನ್ ದೆಹಲಿಯಲ್ಲಿ 2011ರಲ್ಲಿ ಆಯಿತು, ಬೆಂಗಳೂರಿಗೆ 2012ರಲ್ಲಿ ಬಂತು. ಹಾಗಾಗಿ ನಿಮ್ಮ ಮಗಳಿಗೆ ಸಿಗುವ ಜೊತೆಗಾರರಲ್ಲಿ ಹತ್ತಾರು ವರ್ಷ ಕೈ ಪಳಗಿಸಿಕೊಂಡವರು ಇರುವುದು ಸಹಜ. ಸಾಫ್ಟ್‌ವೇರ್ ನೌಕರರು, ಫ್ಯಾಷನ್ ಕಲಿಯುವವರು, ದಂತವೈದ್ಯರು, ಇಬ್ಬರು ಮಕ್ಕಳ ತಾಯಂದಿರು, ಎಲ್ಲ ಬಗೆಯವರೂ ಇದ್ದಾರೆ.

ಪೋಷಕರಿಗೆ ಕಸಿವಿಸಿಯಾಗುವುದು ಇಲ್ಲೇ, ವಯಸ್ಸಿನ ಅಂತರದಲ್ಲಿ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಕೈಕೆಲಸ ಇರುವ ಕಡೆ ದೊಡ್ಡವರು ಚಿಕ್ಕವರು ಜೊತೆಗಿರುವುದು ತಪ್ಪೂ ಅಲ್ಲ, ತಪ್ಪಿಸಲೂ ಆಗದು. ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಒಮ್ಮೆ ಹೋಗಿ ನೋಡಿ. ಬಾಲಗೋಪಾಲರ ವೇಷ ಹಾಕುವ ಹುಡುಗ ಹಿರಿಯ ವೇಷಧಾರಿಯ ಪಕ್ಕದಲ್ಲೇ ಕೂತು ಮುಂಡಾಸು ಕಟ್ಟುವುದನ್ನು ನೋಡುತ್ತಾನೆ, ಬಣ್ಣ ಹಚ್ಚುವುದನ್ನು ನೋಡುತ್ತಾನೆ, ಭುಜಕೀರ್ತಿ ಕಟ್ಟಿಸಿಕೊಳ್ಳುತ್ತಾನೆ. ಆ ಭುಜಕೀರ್ತಿ, ಎದೆಕಟ್ಟುಗಳನ್ನೇ ಕೈಗೆತ್ತಿಕೊಂಡು ನೋಡಿ: ಹಗುರ ಮರ, ಮೇಲೆ ಬೇಗಡೆ, ಕನ್ನಡಿಚೂರು. ದೂರಕ್ಕೆ ಚಿನ್ನ, ಮೈಮೇಲೆ ಹಗುರ. ನಿಮ್ಮ ಮಗಳು ಫೋಮಿನಲ್ಲಿ ಬಿಡಿಸುತ್ತಿರುವುದೂ ಅದೇ ಲೆಕ್ಕ. ಚೌಕಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅಲ್ಲಿ ನಡೆಯುವುದೆಲ್ಲ ಹತ್ತು ಜನರ ಎದುರಿಗೆ ನಡೆಯುತ್ತದೆ. ಯಾರು ಯಾರಿಗೆ ಏನು ಕಲಿಸುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ.

ವಯಸ್ಸನ್ನು ಕೇಳುವ ಮೊದಲು ಅದನ್ನೇ ಕೇಳಿ. ಕಲಿಸುವುದು ಎಲ್ಲರೆದುರಿಗೆ ನಡೆಯುತ್ತಿದೆಯೇ? ಇಪ್ಪತ್ತೆಂಟರ ಒಬ್ಬ ಗುಂಪಿನಲ್ಲಿ, ಎಲ್ಲರೂ ಓದುವ ಕಡೆ, ‘ಗೋಂದು ಇನ್ನೂ ಐದು ನಿಮಿಷ ಒಣಗಲಿ’ ಎಂದರೆ ಅವನು ಮೇಷ್ಟ್ರು. ಅದನ್ನೇ ಖಾಸಗಿ ಸಂದೇಶದಲ್ಲಿ, ರಾತ್ರಿ ಹನ್ನೊಂದಕ್ಕೆ, ‘ನಿನಗೆ ಮಾತ್ರ ಹೇಳಿಕೊಡುತ್ತಿದ್ದೇನೆ’ ಎನ್ನುವ ಮಾತು ಸೇರಿಸಿ ಹೇಳಿದರೆ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ಒಳ್ಳೆಯ ಹಿರಿಯ ಹವ್ಯಾಸಿಗಳಿಗೆ ಪೋಷಕರ ಬಗ್ಗೆ ಅಲರ್ಜಿ ಇರುವುದಿಲ್ಲ. ‘ಅಮ್ಮ ಬರ್ತಾರೆ’ ಎಂದರೆ ‘ಕರ್ಕೊಂಡು ಬಾ, ಹೊಲಿಗೆ ಗೊತ್ತಾ ಅವರಿಗೆ?’ ಎನ್ನುತ್ತಾರೆ. ‘ಅಮ್ಮ ಯಾಕೆ?’ ಎಂದು ಕೇಳುವವರನ್ನು ಹೆಚ್ಚು ಯೋಚಿಸದೆ ದೂರವಿಡಿ.

ಈ ಹವ್ಯಾಸದ ದೊಡ್ಡ ಸಂಘಗಳೇ ವಯಸ್ಸಿನ ಗೆರೆ ಎಳೆದುಕೊಂಡಿವೆ. ‘ಸ್ಟಾರ್ ವಾರ್ಸ್’ ಸೈನಿಕರ ಕವಚ ಕಟ್ಟುವವರ 501ನೇ ಲೀಜನ್ 1997ರಲ್ಲಿ ಅಮೆರಿಕದಲ್ಲಿ ಶುರುವಾಗಿ ಈಗ ಅನೇಕ ದೇಶಗಳಿಗೆ ಹಬ್ಬಿದೆ. ಕವಚ ಅವರ ಅಳತೆಗೋಲಿಗೆ ಪಾಸಾದರಷ್ಟೇ ಸದಸ್ಯತ್ವ, ಅದೂ ಹದಿನೆಂಟು ತುಂಬಿದವರಿಗೆ. ಚಿಕ್ಕವರಿಗೆ ಬೇರೆಯದೇ ಮಕ್ಕಳ ಕೂಟವಿದೆ. ನಿಮ್ಮ ಮಗು ಸೇರಿರುವ ಗುಂಪಿನಲ್ಲೂ ಚಿಕ್ಕವರಿಗೊಂದು ನಿಯಮ ಇದೆಯೇ ಎಂದು ಕೇಳುವುದರಲ್ಲಿ ಮುಜುಗರವೇನಿಲ್ಲ.

ಈ ಕಸುಬಿಗೇ ಅಂಟಿಕೊಂಡಿರುವ, ಚೆಸ್ಸಿನಲ್ಲೋ ಕ್ರಿಕೆಟ್ಟಿನಲ್ಲೋ ಬಾರದ ಒಂದು ತೊಡಕಿದೆ: ಮೈಯ ಅಳತೆ. ಉಡುಪು ಹೊಲಿಯಲು ಎದೆ, ಸೊಂಟ, ತೋಳಿನ ಅಳತೆ ಬೇಕೇ ಬೇಕು. ‘ನಿನ್ನ ಅಳತೆ ಕಳಿಸು, ಪ್ಯಾಟರ್ನ್ ಮಾಡಿಕೊಡ್ತೀನಿ’ ಎನ್ನುವ ಮಾತು ಹತ್ತರಲ್ಲಿ ಒಂಬತ್ತು ಸಲ ನಿಜವಾಗಿಯೂ ಪ್ಯಾಟರ್ನಿನದ್ದೇ. ಆದರೆ ಉಳಿದ ಒಂದು ಸಲ ಬರುವವನೂ ಇದೇ ಮಾತನ್ನು ಆಡುತ್ತಾನೆ. ಆದ್ದರಿಂದ ನಿಯಮ ಸರಳವಾಗಿರಲಿ. ಅಳತೆ ತೆಗೆಯುವುದು ಮನೆಯಲ್ಲಿ, ಮನೆಯವರು. ಕೊಡುವುದು ಆ ತುಂಡಿಗೆ ಬೇಕಾದ ಅಂಕಿ ಮಾತ್ರ. ಕೈಗವಚಕ್ಕೆ ಮಣಿಕಟ್ಟಿನ ಸುತ್ತಳತೆ ಸಾಕು, ಸೊಂಟ ಬೇಡ. ಅಂಕಿ ಸಾಕು, ಫೋಟೊ ಬೇಡ. ಒಳ ಉಡುಪಿನಲ್ಲೋ ಬಿಗಿ ಬಟ್ಟೆಯಲ್ಲೋ ನಿಂತ ‘ರೆಫರೆನ್ಸ್’ ಚಿತ್ರ ಯಾವ ಪ್ಯಾಟರ್ನಿಗೂ ಬೇಕಾಗದು. ಯಾರಾದರೂ ಕೇಳಿದರೆ ಅಲ್ಲಿಗೆ ಆ ಪರಿಚಯ ಮುಗಿಯಿತು. ಟೇಪು ಸುತ್ತಿ ಮೈಯ ಅಚ್ಚು ತೆಗೆಯುವ ವಿಧಾನ ಮೇಲೆ ಹೇಳಿದೆನಲ್ಲ, ಅದನ್ನು ಅಮ್ಮನೋ ಅಕ್ಕನೋ ಮಾಡಬೇಕು, ಗೆಳೆಯರ ಕೋಣೆಯಲ್ಲಿ ಬೇಡ. ಬೇಗ ಮಾಡಿ, ಉಸಿರಾಟಕ್ಕೆ ಸಡಿಲ ಬಿಟ್ಟು, ಮೊಂಡು ತುದಿಯ ಕತ್ತರಿಯಿಂದ ಬಿಡಿಸಿ.

ಎರಡನೆಯ ತೊಡಕು ಫೋಟೊಶೂಟು. ವೇಷ ಮುಗಿದ ಮೇಲೆ ಒಳ್ಳೆಯ ಚಿತ್ರ ಬೇಕು ಅನ್ನಿಸುವುದು ಸಹಜ, ಹವ್ಯಾಸಿ ಛಾಯಾಗ್ರಾಹಕರೂ ಈ ವಲಯದಲ್ಲಿ ಬೇಕಾದಷ್ಟಿದ್ದಾರೆ, ಬಹುಪಾಲು ಸಭ್ಯರೇ. ಕಬ್ಬನ್ ಪಾರ್ಕಿನಂಥ ಬಯಲಿನಲ್ಲಿ, ಗುಂಪಿನೊಂದಿಗೆ, ಜೊತೆಗೆ ಮನೆಯವರೊಬ್ಬರಿದ್ದರೆ ಸಂತೋಷದ ಕೆಲಸ. ಒಬ್ಬಳೇ, ಯಾರದ್ದೋ ಸ್ಟುಡಿಯೊ ಅಥವಾ ಹೋಟೆಲಿನ ಕೋಣೆಗೆ, ಹದಿನೆಂಟರೊಳಗೆ, ಇಲ್ಲವೇ ಇಲ್ಲ. ಬಟ್ಟೆ ಬದಲಿಸುವುದೆಲ್ಲಿ ಎಂಬುದನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಿ; ಪೋಷಕರು ಮರೆಯುವ ಪ್ರಶ್ನೆ ಅದು. ಚಿತ್ರ ಎಲ್ಲಿ ಹಾಕುತ್ತಾರೆ, ಯಾವ ಹೆಸರಿನಲ್ಲಿ ಹಾಕುತ್ತಾರೆ ಎನ್ನುವುದೂ ಮೊದಲೇ ತೀರ್ಮಾನವಾಗಬೇಕು. ಮಕ್ಕಳು ಇಟ್ಟುಕೊಂಡ ಅಡ್ಡಹೆಸರಿನ ಬಗ್ಗೆ ನೀವು ಸಿಡಿಮಿಡಿಗೊಂಡಿರಬಹುದು. ಇಲ್ಲಿ ಆ ಅಡ್ಡಹೆಸರೇ ಕಾವಲು. ಶಾಲೆಯ ಹೆಸರು, ಸಮವಸ್ತ್ರ, ಮನೆಯ ಬಾಲ್ಕನಿಯಾಚೆ ಕಾಣುವ ಬಸ್‌ಸ್ಟಾಪಿನ ಫಲಕ ಇವು ಚಿತ್ರದಲ್ಲಿ ಬರದಿದ್ದರೆ ಆಯಿತು.

ವೇಷ ತೊಟ್ಟವರನ್ನು ಮುಟ್ಟಲು, ಚಿತ್ರ ತೆಗೆಯಲು ಕೇಳಿಯೇ ಮುಂದುವರಿಯಬೇಕು ಎನ್ನುವ ನಿಯಮ ಈಗ ಈ ಜಗತ್ತಿನಲ್ಲಿ ಬೇರೂರಿದೆ. ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ‘ಕಾಸ್‌ಪ್ಲೇ ಎಂದರೆ ಸಮ್ಮತಿಯಲ್ಲ’ ಎಂಬ ಫಲಕಗಳನ್ನೇ ನಿಲ್ಲಿಸಿತು. ಮಗಳಿಗೆ ಅಷ್ಟೇ ಅಲ್ಲ, ಮಗನಿಗೂ ಇದನ್ನು ಹೇಳಿ: ತಾನು ಕೇಳಬೇಕು, ತನ್ನನ್ನೂ ಕೇಳಬೇಕು. ನಡೆಯಬಾರದ್ದು ನಡೆದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ (2012) ಹದಿನೆಂಟರೊಳಗಿನ ಎಲ್ಲರಿಗೂ, ಹುಡುಗ ಹುಡುಗಿ ಭೇದವಿಲ್ಲದೆ, ಅನ್ವಯಿಸುತ್ತದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನ ಮೂಲಕ ಬೆನ್ನುಹತ್ತುವುದೂ ಅದರಡಿ ಅಪರಾಧ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930. ಸಂದೇಶಗಳನ್ನು ಅಳಿಸಬೇಡಿ, ಅವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಗುವನ್ನು ಬೈಯಬೇಡಿ. ಒಮ್ಮೆ ಬೈಸಿಕೊಂಡ ಮಗು ಎರಡನೆಯ ಸಲ ಹೇಳುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದು, ಆದರೆ ಜಗಳ ಅದರಿಂದಲೇ ಹೆಚ್ಚು. ಅರ್ಧ ಮುಂಗಡ ತೆಗೆದುಕೊಂಡು ವಿಗ್ಗು ಕಳಿಸದೆ ಮಾಯವಾಗುವವರಿದ್ದಾರೆ. ಇದರ ತಿರುಗುಮುರುಗೂ ಇದೆ: ಕೈ ಚೆನ್ನಾಗಿರುವ ಹುಡುಗಿಯಿಂದ ‘ಫ್ರೆಂಡ್ ಅಲ್ವಾ’ ಎಂದು ಮೂರು ಕತ್ತಿ ಪುಕ್ಕಟೆ ಮಾಡಿಸಿಕೊಳ್ಳುವವರು. ಸಾಮಾನಿನ ಖರ್ಚನ್ನಾದರೂ ಮೊದಲೇ ಕೊಡಬೇಕು ಎನ್ನುವುದನ್ನು ಅವಳ ಪರವಾಗಿ ನೀವು ಹೇಳಿಕೊಡಬೇಕಾಗಬಹುದು; ಆ ವಯಸ್ಸಿನಲ್ಲಿ ಬಾಯಿ ಬರುವುದಿಲ್ಲ.

ಗುಂಪು ವೇಷ ಎನ್ನುವುದು ಇನ್ನೊಂದು ರಾಮಾಯಣ. ಐದು ಜನ ಸೇರಿ ಒಂದೇ ಕಥೆಯ ಐದು ಪಾತ್ರ ಮಾಡುವುದು, ಇಬ್ಬರಿಗೆ ಒಂದೇ ಪಾತ್ರ ಬೇಕಾಗುವುದು, ಒಬ್ಬಳು ಕೊನೇ ವಾರ ಕೈಕೊಡುವುದು, ಆ ಬೇಸರಕ್ಕೆ ಇನ್ನೊಬ್ಬಳು ಮೂರು ದಿನ ಊಟ ಬಿಡುವುದು. ಇದಕ್ಕೆ ಪೋಷಕರು ಮಾಡಬೇಕಾದ್ದು ಬಹಳ ಇಲ್ಲ. ಪಂಚಾಯಿತಿಗೆ ಇಳಿಯಬೇಡಿ. ಪರೀಕ್ಷೆಯ ವೇಳಾಪಟ್ಟಿಯನ್ನು ಪಾತ್ರ ಹಂಚುವ ದಿನವೇ ಎಲ್ಲರ ಮುಂದೆ ಇಟ್ಟರೆ ಅರ್ಧ ಜಗಳ ತಪ್ಪುತ್ತದೆ. ಮೈಬಣ್ಣ, ಎತ್ತರ, ತೂಕದ ಬಗ್ಗೆ ‘ಆ ಪಾತ್ರಕ್ಕೆ ನೀನು ಸರಿಹೋಗಲ್ಲ’ ಎನ್ನುವ ಮಾತು ಬಂದರೆ ಮಾತ್ರ ಸುಮ್ಮನಿರಬೇಡಿ. ನಮ್ಮ ನಾಟಕ ಕಂಪನಿಗಳಲ್ಲಿ ಗಂಡಸರು ಸೀತೆಯಾದರು, ಹೆಂಗಸರು ಕೃಷ್ಣನಾದರು. ಯಾರು ಬೇಕಾದರೂ ಯಾವ ವೇಷವನ್ನಾದರೂ ಹಾಕಬಹುದು.

ಗೆಳೆಯರ ಮನೆಯಲ್ಲಿ ಸೇರಿ ಕೆಲಸ ಮಾಡುತ್ತಾರೆಂದರೆ ಯಾರ ಮನೆ ಎನ್ನುವುದರ ಜೊತೆಗೆ ಏನು ಬಳಸುತ್ತಾರೆ ಎಂದೂ ಕೇಳಿ. ರಬ್ಬರ್ ಗೋಂದಿನ ಆವಿ ತಲೆ ತಿರುಗಿಸುತ್ತದೆ, ಬೇಗ ಬೆಂಕಿಯನ್ನೂ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ, ದೇವರ ದೀಪವೋ ಹೀಟ್ ಗನ್ನೋ ಉರಿಯುತ್ತಿರುವ ಕಡೆ ಅದನ್ನು ತೆರೆಯಬಾರದು. ಎನ್95 ಮಾಸ್ಕು ಫೋಮು ಉಜ್ಜುವಾಗಿನ ದೂಳು ತಡೆಯುತ್ತದೆ, ಈ ಆವಿಯನ್ನು ತಡೆಯದು. ಅದಕ್ಕೆ ಇಂಗಾಲದ ಡಬ್ಬಿ ಇರುವ ರೆಸ್ಪಿರೇಟರೇ ಬೇಕು, ಇಲ್ಲವೇ ತಾರಸಿಗೆ ಹೋಗಬೇಕು. ಪಿವಿಸಿ ಪೈಪನ್ನು ಬಿಸಿ ಮಾಡಿ ಬಾಗಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ಸುಟ್ಟರೆ ಬರುವುದು ಶ್ವಾಸಕೋಶ ಕೆರೆಯುವ ಆಮ್ಲದ ಅನಿಲ. ಎಪಾಕ್ಸಿ ರೆಸಿನ್ನು ಒಣಗುವ ಮೊದಲು ಬರಿಗೈಗೆ ತಾಗುತ್ತಿದ್ದರೆ ಮುಂದೊಂದು ದಿನ ಜನ್ಮಕ್ಕಂಟುವ ಅಲರ್ಜಿಯಾಗಬಹುದು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇವೆಲ್ಲ ಬೇಡವೇ ಬೇಡ. ರಟ್ಟು, ಬಟ್ಟೆ, ಬಿಳಿ ಗೋಂದು, ಕಡಿಮೆ ಬಿಸಿಯ ಗ್ಲೂ ಗನ್ನಿನಲ್ಲೇ ಬೆರಗಾಗುವಂಥ ಕಿರೀಟ ಮಾಡಬಹುದು. ಬಣ್ಣದ ಕಣ್ಣಿನ ಲೆನ್ಸನ್ನು ಗೆಳತಿಯರು ಬದಲಾಯಿಸಿಕೊಳ್ಳುವ ಅಭ್ಯಾಸ ನಾನು ಕಂಡ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಸೋಂಕು ತಗುಲಿದರೆ ಕಣ್ಣೇ ಹೋಗಬಹುದು. ಲೆನ್ಸು ಬೇಕೇ ಬೇಕೆಂದರೆ ಕಣ್ಣಿನ ವೈದ್ಯರಿಂದ, ಒಬ್ಬರಿಗೇ.

ಗೆಳೆಯರು ಕೆಲಸ ಮಾಡುವ ರೀತಿ ನೋಡಿದರೆ ಅವರ ಸ್ವಭಾವವೂ ತಿಳಿಯುತ್ತದೆ. ಕಿರಿಯಳ ಕೈಗೆ ಕಟ್ಟರ್ ಕೊಡುವ ಮೊದಲು ಗ್ಲೌಸ್ ಕೊಡುವವರನ್ನು ನಾನು ನಂಬುತ್ತೇನೆ.

ಇನ್ನು ಜೊತೆಗಾರರು ಎಲ್ಲಿ ಸಿಗುತ್ತಾರೆ ಎನ್ನುವ ಮಾತು. ಮಗುವಿನ ಪರಿಚಯಗಳೆಲ್ಲ ಫೋನಿನೊಳಗೇ ಇದ್ದರೆ ಕೆಲವನ್ನಾದರೂ ಹೊರಗೆ ತರುವುದು ಒಳ್ಳೆಯದು. ಸಾಮಾನು ತರಲು ಮಗುವಿನೊಂದಿಗೆ ನೀವೇ ಹೋಗಿ: ಬೆಂಗಳೂರಿನಲ್ಲಾದರೆ ಲೇಸು, ಮಣಿ, ಗುಂಡಿಗೆ ಮಾಮೂಲ್‌ಪೇಟೆ, ಬಟ್ಟೆಗೆ ಚಿಕ್ಕಪೇಟೆ, ಎಲ್‌ಇಡಿ ದೀಪ, ತಂತಿಗೆ ಎಸ್‌ಪಿ ರೋಡ್. ಅಂಗಡಿಯವನ ಮುಂದೆ ಅದೇ ಲೇಸಿಗೆ ಕೈಚಾಚಿದ ಇನ್ನೊಬ್ಬ ಹುಡುಗಿ ಸಿಗುವುದು ಅಪರೂಪವೇನಲ್ಲ. ಮೈಸೂರಿನವರಿಗೆ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳವಿದೆ. ಉಡುಪಿಯ ಕಡೆ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಲ್ಲೇ ಯಕ್ಷಗಾನ ಕಲಿಸುತ್ತದೆ. ಅಲ್ಲಿ ವೇಷ ಕಟ್ಟುವುದನ್ನು ಹತ್ತಿರದಿಂದ ನೋಡಬಹುದು. ತುಮಕೂರು, ಮಂಡ್ಯದ ಸೀಮೆಯಲ್ಲಿ ‘ಕುರುಕ್ಷೇತ್ರ’ ಆಡುವ ಊರುಗಳಿಗೆ ಸೀನರಿ, ಕಿರೀಟ, ಗದೆ ಬಾಡಿಗೆ ಕೊಡುವವರಿದ್ದಾರಲ್ಲ, ಅವರ ಉಗ್ರಾಣಕ್ಕೆ ಒಬ್ಬ ಕಾಸ್‌ಪ್ಲೇಯರನ್ನು ಕರೆದುಕೊಂಡು ಹೋಗಿ ನೋಡಿ. ಭೀಮನ ಗದೆಯೊಳಗೆ ಏನಿದೆ ಎಂದು ತಿಳಿಯಲು ಅರ್ಧ ದಿನ ಅಲ್ಲೇ ಕಳೆಯುತ್ತಾರೆ. ಅಲ್ಲಿನ ಹಿರಿಯರಿಗೂ ಕೇಳುವವರು ಬಂದರೆಂಬ ಖುಷಿ.

ಅಡ್ಡಹೆಸರಿನ ಗೆಳೆಯರನ್ನು ಮೊದಲ ಸಲ ಎದುರು ಭೇಟಿ ಮಾಡುವ ದಿನ ನೀವೂ ಹೋಗಿ. ಕಾವಲುಗಾರರಂತೆ ಕೈಕಟ್ಟಿ ನಿಲ್ಲುವ ಅಗತ್ಯವಿಲ್ಲ, ಕೆಲಸವೊಂದು ಕಾದಿರುತ್ತದೆ. ಪೂರ್ತಿ ಕವಚ, ಶಿರಸ್ತ್ರಾಣ ತೊಟ್ಟವರಿಗೆ ಪಕ್ಕದ್ದು ಕಾಣುವುದಿಲ್ಲ, ಕೈಗವಸಿನಲ್ಲಿ ಫೋನು ಒತ್ತಲಾಗುವುದಿಲ್ಲ, ನೀರು ಕುಡಿಯಲು ಇನ್ನೊಬ್ಬರು ಬೇಕು, ಮೆಟ್ಟಿಲಿಳಿಯಲು ಹೆಗಲು ಬೇಕು. ಈ ಜಗತ್ತಿನಲ್ಲಿ ಅಂಥ ಸಹಾಯಕರನ್ನು ಹ್ಯಾಂಡ್ಲರ್ ಎನ್ನುತ್ತಾರೆ, ಅವರಿಗೆ ಒಳ್ಳೆಯ ಮರ್ಯಾದೆಯೂ ಇದೆ. ಚೀಲದಲ್ಲಿ ನೀರು, ಸೂಜಿ ದಾರ, ಸೇಫ್ಟಿ ಪಿನ್ನು, ಬೇಗ ಒಣಗುವ ಗೋಂದು, ಎರಡು ಬದಿ ಅಂಟುವ ಟೇಪು, ಒಂದು ಜೊತೆ ಸಾದಾ ಚಪ್ಪಲಿ ಇಟ್ಟುಕೊಂಡು ಆ ಸ್ಥಾನಕ್ಕೆ ನಿಂತರೆ ಸಂಜೆಯೊಳಗೆ ಮಗಳ ಜೊತೆಗಾರರೆಲ್ಲ ನಿಮ್ಮ ಹತ್ತಿರವೇ ಬರುತ್ತಾರೆ, ಒಬ್ಬರಾದ ಮೇಲೊಬ್ಬರು, ಕಿತ್ತ ಪಟ್ಟಿ ಹಿಡಿದುಕೊಂಡು. ಹೆಸರು, ಊರು, ಓದು, ಕೆಲಸ ಎಲ್ಲ ಹೊಲಿಗೆ ಹಾಕುತ್ತಲೇ ಕೇಳಬಹುದು.

ಹೊರಡುವ ಮೊದಲು ಕಾರ್ಯಕ್ರಮದ ನಿಯಮ ಓದಿಕೊಳ್ಳಿ. ಲೋಹದ ಅಲಗಿಗೆ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ, ದ್ವಾರದಲ್ಲಿ ಪರಿಕರಗಳನ್ನು ತಪಾಸಣೆ ಮಾಡುತ್ತಾರೆ. ದಾರಿಯಲ್ಲೂ ಅಷ್ಟೇ: ನಿಜದಂತೆ ಕಾಣುವ ಬಂದೂಕನ್ನು ಹೆಗಲಿಗೇರಿಸಿ ಮೆಟ್ರೊ ನಿಲ್ದಾಣದೊಳಗೆ ಹೋಗುವುದು ಬೇಡ. ಬಿಡಿಬಿಡಿಯಾಗಿ ಕಳಚುವಂತೆ ಕಟ್ಟಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೊದಲ್ಲೋ ಕಾರಿನಲ್ಲೋ ಒಯ್ದು ಅಲ್ಲಿ ಜೋಡಿಸಿಕೊಳ್ಳಲಿ. ಜೋಡಿಸಲು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಒಂದು ಬೋಲ್ಟು ಹೇಗೂ ಮನೆಯಲ್ಲೇ ಉಳಿದಿರುತ್ತದೆ.